ತುಕ್ಕು ಹಿಡಿದ ಹೊಲದಲ್ಲಿ ಒಂದೇ ಒಂದು ಹಸಿರು ಗಿಡ

1935ನೇ ಇಸವಿ. ಅಮೆರಿಕದ ಉತ್ತರ ಡಕೋಟ ರಾಜ್ಯದಲ್ಲಿ ಆ ವರ್ಷ ಗೋಧಿ ಬೆಳೆಯ ಅರ್ಧಕ್ಕೂ ಹೆಚ್ಚು ಪಾಲು ಕಾಂಡ ತುಕ್ಕು ರೋಗಕ್ಕೆ ಹೋಯಿತು. ಬಾರ್ಲಿ ಹೊಲಗಳನ್ನೂ ಅದು ಬಿಡಲಿಲ್ಲ. ಈ ರೋಗ ಹೆಸರಿಗೆ ತಕ್ಕ ಹಾಗೆಯೇ ಇರುತ್ತದೆ. ಕಾಂಡದ ಮೇಲೆ, ಎಲೆಯ ಮೇಲೆ ಕಬ್ಬಿಣದ ತುಕ್ಕಿನ ಬಣ್ಣದ ಗುಳ್ಳೆಗಳೆದ್ದು, ಒಡೆದು, ಪುಡಿ ಉದುರುತ್ತದೆ. ಅಂಥ ಪೈರಿನೊಳಗೆ ಒಂದು ಸುತ್ತು ಹಾಕಿ ಬಂದರೆ ಬಟ್ಟೆಗೆಲ್ಲ ಇಟ್ಟಿಗೆ ಪುಡಿ ಮೆತ್ತಿಕೊಂಡಂತಾಗುತ್ತದೆ.

ಅಲ್ಲಿನ ಕಿಂಡ್ರೆಡ್ ಎಂಬ ಸಣ್ಣ ಊರಿನ ರೈತ ಸ್ಯಾಮ್ಯುಯೆಲ್ ಲಿಕನ್, ರೋಗ ಬಡಿದ ಬಾರ್ಲಿ ಹೊಲದಲ್ಲಿ ಒಂದು ಗಿಡವನ್ನು ಗುರುತಿಸಿದರು. ಹೊಲದಲ್ಲಿದ್ದದ್ದು ವಿಸ್ಕಾನ್ಸಿನ್ 37 ಎಂಬ ತಳಿ. ಸುತ್ತಲಿನದೆಲ್ಲ ಕೆಂಪಾಗಿ ಕುಸಿದಿದ್ದರೆ ಆ ಒಂದು ಗಿಡ ಮಾತ್ರ ಹಸಿರಾಗಿ ನಿಂತಿತ್ತು. ಲಿಕನ್ ಅದರ ಕಾಳನ್ನು ರಾಶಿಗೆ ಸೇರಿಸದೆ ಬೇರೆ ತೆಗೆದಿಟ್ಟರು, ಮತ್ತೆ ಬಿತ್ತಿ ಹೆಚ್ಚಿಸಿದರು. 1940ರ ದಶಕದ ಆರಂಭದಲ್ಲಿ ಆ ಬೀಜ ಊರಿನ ಹೆಸರನ್ನೇ ಹೊತ್ತು, ‘ಕಿಂಡ್ರೆಡ್’ ತಳಿಯಾಗಿ ರೈತರ ಕೈಗೆ ಬಂತು. ಅಲ್ಲಿಂದ ಮುಂದೆ ಸುಮಾರು ಅರ್ಧ ಶತಮಾನ ಆ ಸೀಮೆಯ ಬಾರ್ಲಿಗೆ ಕಾಂಡ ತುಕ್ಕು ದೊಡ್ಡ ತಲೆನೋವಾಗಲಿಲ್ಲ.

ಲಿಕನ್ ವಿಜ್ಞಾನಿಯಲ್ಲ. ಅವರು ಮಾಡಿದ್ದು ಇಷ್ಟೇ: ಹಾಳಾದ ಹೊಲವನ್ನು ನೋಡಿ ತಲೆಯ ಮೇಲೆ ಕೈಹೊತ್ತು ವಾಪಸಾಗುವ ಬದಲು, ಅದರೊಳಗೆ ಹಾಳಾಗದೆ ಉಳಿದದ್ದು ಏನಾದರೂ ಇದೆಯೇ ಎಂದು ನೋಡಿದ್ದು. ಬೆಳೆಗಳಲ್ಲಿ ರೋಗ ನಿರೋಧಕ ಜೀನು ಹುಡುಕುವ ಕೆಲಸ ಇವತ್ತಿಗೂ ಶುರುವಾಗುವುದು ಹೀಗೆಯೇ. ಪ್ರಯೋಗಾಲಯ, ಡಿಎನ್‌ಎ, ಕಂಪ್ಯೂಟರ್ ಎಲ್ಲ ಆಮೇಲೆ.

ಬಾರ್ಲಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಉರಿಮೂತ್ರಕ್ಕೆ ಅಜ್ಜಿ ಕುದಿಸಿ ಕೊಡುತ್ತಿದ್ದ ಬಾರ್ಲಿ ನೀರು. ಹಾಲಿಗೆ ಬೆರೆಸುವ ಮಾಲ್ಟ್ ಪುಡಿ, ಬಿಯರು ಕೂಡ ಇದರದೇ ಕೊಡುಗೆ. ಕರ್ನಾಟಕದಲ್ಲಿ ಇದರ ಬೆಳೆ ಇಲ್ಲವೆನ್ನುವಷ್ಟು ಕಡಿಮೆ. ದೇಶದ ಬಾರ್ಲಿ ಮುಖ್ಯವಾಗಿ ಬರುವುದು ರಾಜಸ್ಥಾನ, ಉತ್ತರ ಪ್ರದೇಶಗಳ ಹಿಂಗಾರು ಹೊಲಗಳಿಂದ. ಹಾಗಿದ್ದೂ ಇದರ ಬಗ್ಗೆ ಬರೆಯಲು ಹೊರಟಿದ್ದೇಕೆಂದರೆ, ಶಿಲೀಂಧ್ರ ರೋಗಕ್ಕೂ ಬೆಳೆಗೂ ನಡೆಯುವ ಜಗಳವನ್ನು ಬಾರ್ಲಿಯಷ್ಟು ಚೆನ್ನಾಗಿ ತೋರಿಸಿಕೊಟ್ಟ ಬೆಳೆಗಳು ಕಡಿಮೆ. ನಮ್ಮ ರಾಗಿ, ಗೋಧಿ, ಬಟಾಣಿಯ ಕಥೆಯೂ ಅದರಲ್ಲಿ ಸೇರಿಕೊಂಡಿದೆ.

ಕಾವಲುಗಾರ ಮತ್ತು ಕಳ್ಳ

ಲಿಕನ್ ಕಂಡ ಗಿಡದೊಳಗಿದ್ದ ಜೀನಿಗೆ ಈಗ ಆರ್‌ಪಿಜಿ-1 ಎಂಬ ಹೆಸರಿದೆ. 1914ರಲ್ಲಿ ಸ್ವಿಟ್ಜರ್ಲೆಂಡಿನಿಂದ ಅಮೆರಿಕಕ್ಕೆ ತರಿಸಿದ್ದ ಬೀಜದ ಮೂಟೆಯಿಂದ ಆರಿಸಿದ ಷೆವ್ರಾನ್, ಪೀಟ್‌ಲ್ಯಾಂಡ್ ಎಂಬ ತಳಿಗಳಲ್ಲೂ ಇದೇ ಜೀನು ಇತ್ತು. ಅಲ್ಲಿಯೂ ಅಷ್ಟೆ: ಮೂಟೆಯಲ್ಲಿನ ಎಲ್ಲ ಕಾಳಿನಲ್ಲಿ ಅಲ್ಲ, ಎಲ್ಲೋ ಕೆಲವದರಲ್ಲಿ ಮಾತ್ರ. ಗಿಡ ಸಿಕ್ಕಿದ್ದು 1935ರಲ್ಲಿ. ಅದರೊಳಗಿನ ಜೀನನ್ನು ಬಿಡಿಸಿ ತೆಗೆದು ಅಕ್ಷರ ಅಕ್ಷರವಾಗಿ ಓದಲು ಸಾಧ್ಯವಾಗಿದ್ದು 2002ರಲ್ಲಿ, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಆಂಡ್ರಿಸ್ ಕ್ಲೈನ್‌ಹಾಫ್ಸ್ ಅವರ ತಂಡಕ್ಕೆ. ನಡುವೆ 67 ವರ್ಷ.

ಇಷ್ಟು ವರ್ಷ ಯಾಕೆ ಬೇಕಾಯಿತು? ಬಾರ್ಲಿಗೆ ಏಳು ಜೊತೆ ವರ್ಣತಂತುಗಳು. ಒಂದು ಸೆಟ್ಟಿನಲ್ಲಿರುವ ಡಿಎನ್‌ಎ ಅಕ್ಷರಗಳು ಸುಮಾರು 500 ಕೋಟಿ. ನಮ್ಮದು, ಅಂದರೆ ಮನುಷ್ಯರದು, ಸುಮಾರು 300 ಕೋಟಿ. ಬೆಳಿಗ್ಗೆ ಕುಡಿಯುವ ಬಾರ್ಲಿ ನೀರಿನ ಕಾಳಿನೊಳಗೆ ನಮಗಿಂತ ದೊಡ್ಡ ಪುಸ್ತಕವಿದೆ. ಅದರಲ್ಲಿ ಒಂದು ಪುಟ ಹುಡುಕುವ ದಾರಿ ಮೆಂಡಲ್ ಹಾಕಿಕೊಟ್ಟದ್ದೇ. ರೋಗ ತಡೆಯುವ ಗಿಡವನ್ನು ರೋಗಕ್ಕೆ ತುತ್ತಾಗುವ ಗಿಡದ ಜೊತೆ ಸಂಕರಗೊಳಿಸಬೇಕು. ಮೊಮ್ಮಕ್ಕಳ ಪೀಳಿಗೆಯಲ್ಲಿ ಎಷ್ಟು ಗಿಡ ಬದುಕಿದವು, ಎಷ್ಟು ಸತ್ತವು ಎಂದು ಎಣಿಸಬೇಕು. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಮೂರಕ್ಕೆ ಒಂದರ ಅನುಪಾತ ಬಂದರೆ, ಒಂದೇ ಜೀನು ಈ ಕೆಲಸ ಮಾಡುತ್ತಿದೆ ಎಂದರ್ಥ. ಕೇಂಬ್ರಿಜ್‌ನ ರೋಲೆಂಡ್ ಬಿಫೆನ್ 1905ರಲ್ಲಿಯೇ ಗೋಧಿಯ ಹಳದಿ ತುಕ್ಕಿನ ವಿಷಯದಲ್ಲಿ ಇದನ್ನು ತೋರಿಸಿದ್ದರು. ಆಮೇಲೆ ಆ ಜೀನಿನ ಅಕ್ಕಪಕ್ಕದ ಗುರುತುಗಳನ್ನು ಹಿಡಿದು, ಸಾವಿರಾರು ಗಿಡಗಳಲ್ಲಿ ಯಾವ ಗುರುತು ಜೀನಿನ ಜೊತೆಗೇ ಬರುತ್ತದೆ, ಯಾವುದು ಕೈಬಿಡುತ್ತದೆ ಎಂದು ನೋಡುತ್ತ ವಿಳಾಸವನ್ನು ಕಿರಿದುಗೊಳಿಸುತ್ತ ಹೋಗುವುದು. ರಾಜ್ಯ, ಜಿಲ್ಲೆ, ಊರು, ಬೀದಿ, ಕೊನೆಗೆ ಮನೆ. ಬೇಸರದ ಕೆಲಸ, ಸುಳ್ಳೇಕೆ.

ಸಿಕ್ಕ ಜೀನು ನಿಜವಾಗಿಯೂ ಅದೇನಾ ಎಂಬುದಕ್ಕೆ ಪುರಾವೆ ಬೇಕಲ್ಲ. ‘ಗೋಲ್ಡನ್ ಪ್ರಾಮಿಸ್’ ಎಂಬ, ಕಾಂಡ ತುಕ್ಕಿಗೆ ಸುಲಭವಾಗಿ ಬಲಿಯಾಗುವ ಬಾರ್ಲಿ ತಳಿಗೆ ಆರ್‌ಪಿಜಿ-1 ಸೇರಿಸಿ ನೋಡಿದರು. 2003ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಅದೇ ತಳಿ ರೋಗವನ್ನು ಗಟ್ಟಿಯಾಗಿ ಎದುರಿಸಿತು. ಇನ್ನೂ ಒಂದು ಸಂಗತಿ ನನಗೆ ಬಹಳ ಇಷ್ಟ. ತುಕ್ಕಿನ ಬೀಜಕ ಎಲೆಯನ್ನು ಮುಟ್ಟಿದ ಐದೇ ನಿಮಿಷದಲ್ಲಿ ಈ ಜೀನಿನಿಂದಾದ ಪ್ರೊಟೀನು ಎಚ್ಚೆತ್ತುಕೊಳ್ಳುತ್ತದೆ. ಶಿಲೀಂಧ್ರ ಇನ್ನೂ ಒಳಗೆ ಕಾಲಿಟ್ಟಿರುವುದಿಲ್ಲ, ಬಾಗಿಲು ತಟ್ಟಿರುತ್ತದೆ ಅಷ್ಟೆ.

ಇಂಥ ಜೀನುಗಳನ್ನು ಕಾವಲುಗಾರರೆನ್ನಬಹುದು. ಕಳ್ಳನ ಚಹರೆ ಗೊತ್ತಿರುವ ಕಾವಲುಗಾರ. ಕಿಂಡ್ರೆಡ್‌ನಿಂದ ತುಂಬ ದೂರವೇನೂ ಇಲ್ಲದ ಫಾರ್ಗೋ ನಗರದಲ್ಲಿ ಹೆರಾಲ್ಡ್ ಫ್ಲೋರ್ ಎಂಬ ವಿಜ್ಞಾನಿ ಅದೇ ಕಾಲದಲ್ಲಿ ಅಗಸೆ ಗಿಡದ ತುಕ್ಕು ರೋಗವನ್ನು ಅಭ್ಯಾಸ ಮಾಡುತ್ತಿದ್ದರು. ನಮ್ಮ ಉತ್ತರ ಕರ್ನಾಟಕದ ಅಗಸಿ ಚಟ್ನಿಯ ಅಗಸೆಯೇ. ಗಿಡದಲ್ಲಿ ತಡೆಯುವ ಒಂದು ಜೀನಿದ್ದರೆ ಶಿಲೀಂಧ್ರದಲ್ಲಿ ಅದಕ್ಕೆ ಎದುರಾಗಿ ಸಿಕ್ಕಿಬೀಳುವ ಒಂದು ಜೀನಿರುತ್ತದೆ ಎಂದು ಅವರು ತೋರಿಸಿಕೊಟ್ಟರು. ತೊಂದರೆ ಇರುವುದೇ ಇಲ್ಲಿ. ಶಿಲೀಂಧ್ರದಲ್ಲಿ ಆ ಒಂದು ಜೀನು ಬದಲಾದರೆ ಸಾಕು, ಕಳ್ಳ ವೇಷ ಮರೆಸಿಕೊಂಡಂತೆ. ಕಾವಲುಗಾರ ಬಾಗಿಲಲ್ಲೇ ನಿಂತಿರುತ್ತಾನೆ, ಕಳ್ಳ ನಮಸ್ಕಾರ ಹೇಳಿ ಒಳಗೆ ಹೋಗಿರುತ್ತಾನೆ.

ಬೂದಿ ರೋಗದಲ್ಲಿ ಇದು ಮತ್ತೆ ಮತ್ತೆ ಆಯಿತು. ಬೂದಿ ರೋಗ ಎಂದರೆ ಎಲೆಯ ಮೇಲೆ ವಿಭೂತಿ ಚಿಮುಕಿಸಿದಂತೆ ಕಾಣುವ ಬಿಳಿ ಪುಡಿ. ಯುರೋಪಿನ ತಂಪು ಹವೆಯಲ್ಲಿ ಬಾರ್ಲಿಗೆ ಇದು ದೊಡ್ಡ ಶತ್ರು. ಬೀಜಕ ಎಲೆಗೆ ಬಿದ್ದು ಮೊಳೆತು, ಒಂದು ಕಣದೊಳಗೆ ಬಾಯಿ ಹಾಕಿ, ಆ ಕಣವನ್ನು ಜೀವಂತವಾಗಿಟ್ಟುಕೊಂಡೇ ಸಾರ ಹೀರುತ್ತದೆ. ಒಂದು ವಾರದ ಆಸುಪಾಸಿನಲ್ಲಿ ಅದೇ ಜಾಗದಿಂದ ಹೊಸ ಬೀಜಕಗಳ ಪುಡಿ ಗಾಳಿಗೆ ಹಾರುತ್ತದೆ. ಇಷ್ಟು ಬೇಗ ಹೆಚ್ಚುವ ಜೀವಿಗೆ ವೇಷ ಬದಲಿಸುವುದು ಎಷ್ಟರ ಕೆಲಸ? ಎಂಎಲ್‌ಎ ಎಂಬ ಗುಂಪಿನ ಕಾವಲು ಜೀನುಗಳನ್ನು ತಳಿ ಅಭಿವೃದ್ಧಿಕಾರರು ಒಂದಾದ ಮೇಲೊಂದರಂತೆ ಹೊಸ ತಳಿಗಳಿಗೆ ಸೇರಿಸಿದರು. ತಳಿ ಜನಪ್ರಿಯವಾಗುವುದು, ಹೊಲಗಳನ್ನೆಲ್ಲ ತುಂಬುವುದು, ನಾಲ್ಕಾರು ವರ್ಷಕ್ಕೆ ಬೂದಿ ಮತ್ತೆ ಕಾಣಿಸುವುದು. ತಳಿ ಎಷ್ಟು ಜನಪ್ರಿಯವೋ ಅಷ್ಟು ಬೇಗ ಸೋಲು. ಯಾಕೆಂದರೆ ಎಲ್ಲ ಮನೆಗೂ ಒಬ್ಬನೇ ಕಾವಲುಗಾರ.

ಕೆಟ್ಟದ್ದರಿಂದ ಬಂದ ಒಳಿತು

ಇದಕ್ಕಿಂತ ಬೇರೆಯದೇ ದಾರಿ ಸಿಕ್ಕಿದ್ದು ಒಂದು ರೀತಿಯಲ್ಲಿ ಅಪಘಾತದಿಂದ. ಜರ್ಮನಿಯಲ್ಲಿ ರುಡಾಲ್ಫ್ ಫ್ರೈಸ್‌ಲೆಬನ್ ಮತ್ತು ಆಲ್ಫ್ರೆಡ್ ಲೈನ್ ಎಂಬ ಇಬ್ಬರು, ಬೂದಿ ರೋಗಕ್ಕೆ ತುತ್ತಾಗುತ್ತಿದ್ದ ‘ಹೈಸಾ’ ಎಂಬ ಬಾರ್ಲಿ ತಳಿಯ ಬೀಜಗಳಿಗೆ ಎಕ್ಸ್‌ರೇ ಹಾಯಿಸಿದರು. ಎಕ್ಸ್‌ರೇ ಜೀನುಗಳನ್ನು ಅಲ್ಲಲ್ಲಿ ಮುರಿಯುತ್ತದೆ. ಮುರಿದದ್ದರಲ್ಲಿ ಹೆಚ್ಚಿನದು ಗಿಡಕ್ಕೆ ಕೇಡೇ. ಆದರೆ ಆ ಬೀಜಗಳ ಸಂತತಿಯಲ್ಲಿ ಬೂದಿ ಹತ್ತದ ಗಿಡವೊಂದು ಅವರಿಗೆ ಸಿಕ್ಕಿತು. 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಅದರ ಬಗ್ಗೆ ಪುಟ್ಟದೊಂದು ವರದಿ ಪ್ರಕಟವಾಯಿತು.

ಈ ಗಿಡದಲ್ಲಿ ಹೊಸ ಕಾವಲುಗಾರ ಯಾರೂ ಬಂದಿರಲಿಲ್ಲ. ಬದಲಿಗೆ ಇದ್ದದ್ದೊಂದು ಕೆಟ್ಟುಹೋಗಿತ್ತು. ಬಾರ್ಲಿಯ ನಾಲ್ಕನೆಯ ವರ್ಣತಂತುವಿನ ಮೇಲೆ ಎಂಎಲ್‌ಓ ಎಂಬ ಜೀನಿದೆ. ಅದು ಬಾರ್ಲಿಯದೇ ಸ್ವಂತದ್ದು, ಬಾರ್ಲಿಗೆ ಬೇಕಾದದ್ದೇ. ಆದರೆ ಬೂದಿ ರೋಗದ ಶಿಲೀಂಧ್ರ ಒಳನುಗ್ಗಬೇಕಾದರೆ ಅದಕ್ಕೂ ಈ ಜೀನು ಸರಿಯಾಗಿ ಕೆಲಸ ಮಾಡುತ್ತಿರಬೇಕು. ಅಪ್ಪನ ಕಡೆಯಿಂದ ಬಂದ ಪ್ರತಿ, ಅಮ್ಮನ ಕಡೆಯಿಂದ ಬಂದ ಪ್ರತಿ ಎರಡೂ ಕೆಟ್ಟಿದ್ದರೆ, ಶಿಲೀಂಧ್ರ ಎಲ್ಲಿ ಚುಚ್ಚಲು ನೋಡುತ್ತದೋ ಅಲ್ಲಿಯೇ ಕಣ ಒಳಗಿನಿಂದ ಗಾರೆ ಮೆತ್ತಿ ಗೋಡೆ ದಪ್ಪ ಮಾಡಿಕೊಳ್ಳುತ್ತದೆ. ಬೀಜಕ ಹೊರಗೇ ಒಣಗಿ ಸಾಯುತ್ತದೆ. ಕಾವಲುಗಾರನಿದ್ದರೆ ವೇಷ ಬದಲಿಸಬಹುದು. ಬಾಗಿಲ ಹಿಡಿಯನ್ನೇ ಕಿತ್ತುಹಾಕಿದ್ದರೆ ಯಾವ ವೇಷ ಹಾಕಿ ಏನು ಪ್ರಯೋಜನ?

ಇಷ್ಟು ಒಳ್ಳೆಯದಾಗಿದ್ದರೆ ರೈತರಿಗೆ ತಕ್ಷಣ ಸಿಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ಸಿಗಲಿಲ್ಲ. ಎಂಎಲ್‌ಓ ಕೆಟ್ಟ ಗಿಡಗಳಿಗೆ ರೋಗವಿಲ್ಲದಿದ್ದರೂ ಎಲೆಯ ಮೇಲೆ ತಾವಾಗಿಯೇ ಸತ್ತ ಕಣಗಳ ಕಂದು ಚುಕ್ಕೆ ಬೀಳುತ್ತಿದ್ದವು. ಗಿಡ ಸುಮ್ಮಸುಮ್ಮನೆ ಗೋಡೆಗೆ ಗಾರೆ ಮೆತ್ತುತ್ತ ಕೂರುತ್ತಿತ್ತು. ಇಳುವರಿ ಕಡಿಮೆ. ರೋಗ ಬರದಿರುವುದಕ್ಕಾಗಿ ಪ್ರತಿ ವರ್ಷ ಇಳುವರಿ ಬಿಟ್ಟುಕೊಡಲು ಯಾವ ರೈತ ಒಪ್ಪುತ್ತಾನೆ? ಹಾಗಾಗಿ ಈ ಗಿಡ ದಶಕಗಳ ಕಾಲ ಸಂಶೋಧಕರ ಕುತೂಹಲವಾಗಿಯೇ ಉಳಿಯಿತು.

ಈ ಕಥೆಯ ಇನ್ನೊಂದು ಎಳೆ ಇಥಿಯೋಪಿಯದಲ್ಲಿದೆ. 1937-38ರಲ್ಲಿ ಜರ್ಮನ್ ತಂಡವೊಂದು ಅಲ್ಲಿ ಸುತ್ತಿ ರೈತರ ನಾಟಿ ಬಾರ್ಲಿಗಳ ಬೀಜ ಸಂಗ್ರಹಿಸಿತ್ತು. ಆ ಸಂಗ್ರಹದ ಕೆಲವು ನಾಟಿ ತಳಿಗಳಲ್ಲೂ ಇದೇ ಎಂಎಲ್‌ಓ ಜೀನು ತಾನಾಗಿಯೇ ಏರುಪೇರಾಗಿತ್ತು ಎಂಬುದು ಬಹಳ ವರ್ಷಗಳ ನಂತರ ಗೊತ್ತಾಯಿತು. ಅಂದರೆ ಜರ್ಮನಿಯ ಪ್ರಯೋಗಾಲಯ ಎಕ್ಸ್‌ರೇ ಹಾಯಿಸಿ ಪಡೆದದ್ದನ್ನು ಇಥಿಯೋಪಿಯದ ರೈತರು ಹೆಸರು ಗೊತ್ತಿಲ್ಲದೆಯೇ ಬಿತ್ತಿ ಬೆಳೆಯುತ್ತಿದ್ದರು. ಜೊತೆಗೆ ಅವರ ಗಿಡ ಹೆಚ್ಚು ಆರೋಗ್ಯವಾಗಿತ್ತು. 2004ರಲ್ಲಿ ಇದರ ಒಳಗುಟ್ಟು ಬಯಲಾಯಿತು: ಇಥಿಯೋಪಿಯದ ಗಿಡಗಳಲ್ಲಿ ಎಂಎಲ್‌ಓ ಜೀನು ಮುರಿದಿಲ್ಲ, ಇಡಿಯಾಗಿಯೇ ಇದೆ. ಆದರೆ ಅದರ ಮುಂದೆ ಅದರದೇ ತುಂಡು ಪ್ರತಿಗಳು ಸಾಲಾಗಿ ಸೇರಿಕೊಂಡು, ಅದನ್ನು ಓದುವ ಕೆಲಸಕ್ಕೆ ಅಡ್ಡಬರುತ್ತವೆ. ಫೋಟೊಕಾಪಿ ಯಂತ್ರಕ್ಕೆ ಒಂದೇ ಹಾಳೆ ನಾಲ್ಕೈದು ಸಲ ಸಿಕ್ಕಿಕೊಂಡ ಹಾಗೆ. ಮನುಷ್ಯ ಬಾರ್ಲಿ ಬೇಸಾಯ ಶುರುಮಾಡಿದ ನಂತರ ಆದ ಬದಲಾವಣೆ ಇದು ಎಂದೂ ಆ ಅಧ್ಯಯನ ಹೇಳಿತು.

ಈ ಇಥಿಯೋಪಿಯ ಮೂಲದ ಜೀನಿನಿಂದಲೇ 1979ರಲ್ಲಿ ನೆದರ್ಲೆಂಡ್ಸ್‌ನಲ್ಲಿ ‘ಆಟೆಮ್’ ಎಂಬ ತಳಿ ಬಂತು. ಎಂಎಲ್‌ಓ ನಿರೋಧಕತೆಯೊಂದಿಗೆ ರೈತರಿಗೆ ಸಿಕ್ಕ ಮೊದಲ ತಳಿ ಅದು. 1980ರ ದಶಕದಲ್ಲಿ ಜರ್ಮನಿಯ ‘ಅಲೆಕ್ಸಿಸ್’ ಬಂತು. ಎಲೆಯ ಚುಕ್ಕೆ, ಇಳುವರಿ ನಷ್ಟಗಳನ್ನು ತಳಿಗಾರರು ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತ, ಬೇರೆ ಒಳ್ಳೆಯ ತಳಿಗಳ ಜೊತೆ ಬೆರೆಸುತ್ತ ತಗ್ಗಿಸಿಕೊಂಡು ಬಂದಿದ್ದರು. ಇಂದು ಯುರೋಪಿನ ವಸಂತಕಾಲದ ಬಾರ್ಲಿ ತಳಿಗಳಲ್ಲಿ ದೊಡ್ಡ ಪಾಲು ಎಂಎಲ್‌ಓ ಹೊತ್ತಿವೆ. ನಾಲ್ಕು ದಶಕ ದಾಟಿದರೂ ಬೂದಿ ರೋಗ ಅದನ್ನು ಪೂರ್ತಿ ಮಣಿಸಿಲ್ಲ. ಜೀನನ್ನು ಗುರುತಿಸಿ ಓದಿದ್ದು 1997ರಲ್ಲಿ, ಇಂಗ್ಲೆಂಡಿನ ನಾರ್ವಿಚ್‌ನ ಸೇನ್ಸ್‌ಬರಿ ಪ್ರಯೋಗಾಲಯದಲ್ಲಿ ಪೌಲ್ ಶುಲ್ಟ್ಸೆ-ಲೆಫರ್ಟ್ ಅವರ ತಂಡ. ಹೊಲದಲ್ಲಿ ಕೆಲಸ ಮಾಡತೊಡಗಿ 18 ವರ್ಷವಾದ ಮೇಲೆ.

ಬಿಟ್ಟಿ ಸಿಕ್ಕಿದ್ದಲ್ಲ

ಬಾಗಿಲ ಹಿಡಿ ಕಿತ್ತ ಮನೆಗೂ ಅದರದೇ ಕಷ್ಟಗಳಿವೆ. ಬರದಿಂದ ಬಾಡಿದ ಬಾರ್ಲಿಗೆ ಒಮ್ಮೆಲೇ ನೀರು ಸಿಕ್ಕಾಗ ಎಂಎಲ್‌ಓ ನಿರೋಧಕತೆ ಸ್ವಲ್ಪ ಕಾಲ ಸಡಿಲವಾಗುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಬೂದಿ ರೋಗದ ಶಿಲೀಂಧ್ರಕ್ಕೆ ಜೀವಂತ ಕಣವೇ ಬೇಕು. ಆದರೆ ಕಣವನ್ನು ಕೊಂದು ತಿನ್ನುವ ಶಿಲೀಂಧ್ರಗಳೂ ಇವೆ. ಕಣಗಳು ಬೇಗ ಸಾಯುವ ಗಿಡ ಅವಕ್ಕೆ ಹಬ್ಬ. ಎಂಎಲ್‌ಓ ಬಾರ್ಲಿ ರಾಮುಲೇರಿಯ ಎಂಬ ಎಲೆಚುಕ್ಕೆ ರೋಗಕ್ಕೆ ಹೆಚ್ಚು ಬಲಿಯಾಗಬಲ್ಲದೆಂದು ಕೆಲವು ಪ್ರಯೋಗಗಳು ತೋರಿಸಿವೆ. ಭತ್ತದ ಬೆಂಕಿ ರೋಗ ತರುವ ಮ್ಯಾಗ್ನಪೋರ್ತೆ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಹಚ್ಚಿ ನೋಡಿದಾಗಲೂ ಎಂಎಲ್‌ಓ ಬಾರ್ಲಿಯೇ ಹೆಚ್ಚು ನರಳಿತು.

ಬೆಂಕಿ ರೋಗ ಎಂದಾಗ ನಮ್ಮ ರಾಗಿ ನೆನಪಾಗದೆ ಇರದು. ರಾಗಿಗೆ ಬೆಂಕಿ ರೋಗ ತರುವುದೂ ಇದೇ ಕುಲದ ಶಿಲೀಂಧ್ರ. ಕೃಷಿ ಕಾಲೇಜಿನ ಪ್ರಾಯೋಗಿಕ ತರಗತಿಯಲ್ಲಿ ನಮ್ಮನ್ನು ರಾಗಿ ಸಾಲುಗಳ ನಡುವೆ ನಿಲ್ಲಿಸಿ, ಪ್ರತಿ ಸಾಲಿನ ಎಲೆ, ತೆನೆ ನೋಡಿ ರೋಗಕ್ಕೆ ಅಂಕ ಕೊಡಲು ಹೇಳುತ್ತಿದ್ದರು. ಬೆಳಗಿನ ಇಬ್ಬನಿಯಲ್ಲಿ ಮೊಣಕಾಲವರೆಗೆ ನೆನೆದು, ನೋಟ್‌ಬುಕ್ಕೂ ಒದ್ದೆಯಾಗಿ, ಇದೇನು ಗುಮಾಸ್ತರ ಕೆಲಸ ಎಂದು ಗೊಣಗಿದವರಲ್ಲಿ ನಾನೂ ಒಬ್ಬಳು. ಎಂ.ಆರ್. ಅಥವಾ ಇಂಡಾಫ್ ಎಂದು ನಮ್ಮೂರ ರೈತರು ಕರೆಯುವ ರಾಗಿಗಳ ಹಿಂದೆ ಇದೇ ಕೆಲಸವಿದೆ ಎಂಬುದು ಆಗ ತಲೆಗೆ ಹೋಗಿರಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯದ ‘ಇಂಡ್’, ಆಫ್ರಿಕದ ‘ಆಫ್’. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಂದ ಜಿಪಿಯು-28 ಹೆಸರಾಗಿದ್ದು ಬೆಂಕಿ ರೋಗವನ್ನು ತಡೆಯುವ ಗುಣದಿಂದಲೇ. ಅದರ ವಂಶದಲ್ಲೂ ಇಂಡಾಫ್ ಇದೆ. ರಾಗಿ ಹೂವು ಎಷ್ಟು ಚಿಕ್ಕದೆಂದರೆ, ಅದರಲ್ಲಿ ಸಂಕರ ಮಾಡುವುದೇ ಒಂದು ಸಾಹಸ. ಲಕ್ಷ್ಮಣಯ್ಯನವರ ಕೈ ಎಂಥದಿರಬೇಕು ಎಂದು ಆಗಾಗ ಅನ್ನಿಸುತ್ತದೆ.

ಇನ್ನು ಬಟಾಣಿ. ಬಟಾಣಿಯ ಬೂದಿ ರೋಗವನ್ನು ತಡೆಯುವ ಜೀನೊಂದನ್ನು 1948ರಷ್ಟು ಹಿಂದೆಯೇ ಪೆರು ದೇಶದ ಗಿಡಗಳಲ್ಲಿ ಗುರುತಿಸಿದ್ದರು. ಅದೂ ಎಂಎಲ್‌ಓ ಕುಟುಂಬದ್ದೇ, ಅಲ್ಲಿಯೂ ಜೀನು ಕೆಟ್ಟಿರುವುದೇ ಗುಟ್ಟು ಎಂದು ತಿಳಿದದ್ದು 2011ರಲ್ಲಿ. ಟೊಮೆಟೊದಲ್ಲೂ ಹಾಗೆಯೇ. ಬಾರ್ಲಿಯಲ್ಲಿ ಕಲಿತದ್ದು ತರಕಾರಿ ಅಂಗಡಿಯವರೆಗೂ ಬಂತು.

ಗೋಧಿಯದು ಮಾತ್ರ ಕಠಿಣ. ರೊಟ್ಟಿ, ಚಪಾತಿಯ ಗೋಧಿ ಮೂರು ಹುಲ್ಲುಗಳ ಡಿಎನ್‌ಎ ಒಟ್ಟಾಗಿ ಆದದ್ದು. ಹಾಗಾಗಿ ಅದರಲ್ಲಿ ಎಂಎಲ್‌ಓ ಮೂರು ಸೆಟ್ ಇದೆ. ಒಂದು ಕೆಟ್ಟರೆ ಉಳಿದೆರಡು ಬಾಗಿಲು ತೆರೆದೇ ಇರುತ್ತವೆ. ಮೂರೂ ಒಟ್ಟಿಗೆ ತಾವಾಗಿಯೇ ಕೆಡುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. 2014ರಲ್ಲಿ ಚೀನಾದ ವಿಜ್ಞಾನ ಅಕಾಡೆಮಿಯ ಗಾವೊ ತ್ಸೈಶ್ಯಾ, ಚಿಯು ಜಿನ್‌ಲಾಂಗ್ ಅವರ ತಂಡಗಳು ಜೀನ್ ಎಡಿಟಿಂಗ್ ಮಾಡಿ ಮೂರನ್ನೂ ಒಟ್ಟಿಗೆ ಕೆಡಿಸಿದವು. ಬೂದಿ ರೋಗ ನಿಂತಿತು. ಆದರೆ ಬಾರ್ಲಿಯ ಹಳೆಯ ಕಷ್ಟವೇ ಇಲ್ಲೂ ಬಂತು, ಗಿಡ ಸೊರಗಿತು. 2022ರಲ್ಲಿ ಅದೇ ಬಳಗ ಇನ್ನೊಂದು ಗಿಡದ ಬಗ್ಗೆ ಬರೆಯಿತು. ಎಡಿಟ್ ಮಾಡಿದ ನೂರಾರು ಗಿಡಗಳ ಪೈಕಿ ಒಂದು ಮಾತ್ರ ಸೊರಗದೆ ಚೆನ್ನಾಗಿ ಬೆಳೆದಿತ್ತು. ನೋಡಿದರೆ, ಎಡಿಟಿಂಗ್ ವೇಳೆ ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡ ತುಂಡು, ಸುಮಾರು 3 ಲಕ್ಷ ಅಕ್ಷರ, ಅದರಲ್ಲಿ ಹಾರಿಹೋಗಿತ್ತು. ಅದರಿಂದ ಪಕ್ಕದ ಇನ್ನೊಂದು ಜೀನು ಚುರುಕಾಗಿ ಬೆಳವಣಿಗೆಯ ನಷ್ಟವನ್ನು ತುಂಬಿಕೊಟ್ಟಿತ್ತು. ಎಷ್ಟು ನವನವೀನ ತಂತ್ರಜ್ಞಾನವಾದರೂ ಕೊನೆಗೆ ಸಾಲುಗಳ ನಡುವೆ ನಡೆದು, ‘ಇದೊಂದು ಯಾಕೆ ಬೇರೆ ಥರ ಇದೆ?’ ಎಂದು ಕೇಳಿದ ಕಣ್ಣೇ ಬೇಕಾಯಿತು. ಲಿಕನ್ ಇದ್ದಿದ್ದರೆ ನಗುತ್ತಿದ್ದರೇನೋ.

ನಮ್ಮ ದೇಶದಲ್ಲೂ 2022ರ ಮಾರ್ಚ್‌ನಲ್ಲಿ, ಬೇರೆ ಜೀವಿಯ ಡಿಎನ್‌ಎ ಉಳಿಯದ ಎಡಿಟಿಂಗ್ ಬೆಳೆಗಳಿಗೆ ಕುಲಾಂತರಿ ನಿಯಮಗಳ ಕೆಲವು ಭಾಗಗಳಿಂದ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿದೆ. ಸಸ್ಯರೋಗ ಶಾಸ್ತ್ರ, ತಳಿಶಾಸ್ತ್ರ ಓದುತ್ತಿರುವವರು, ಐಸಿಎಆರ್ ಪರೀಕ್ಷೆಗಳಿಗೆ ಕೂರುತ್ತಿರುವವರು ಇದನ್ನು ಗಮನಿಸಿರುತ್ತೀರಿ. ಬಾರ್ಲಿಯ ಸಂಶೋಧನೆಗೆ ಕರ್ನಾಲ್‌ನಲ್ಲಿ ಭಾರತೀಯ ಗೋಧಿ ಮತ್ತು ಬಾರ್ಲಿ ಸಂಶೋಧನಾ ಸಂಸ್ಥೆ ಇದೆ. ತುಕ್ಕು ರೋಗಗಳ ಮೇಲೆ ಕಣ್ಣಿಡಲು ಅದರದೇ ಕೇಂದ್ರ ಶಿಮ್ಲಾದ ಫ್ಲವರ್‌ಡೇಲ್‌ನಲ್ಲಿದೆ. ಆ ಪರಂಪರೆಯ ಹಿರಿಯರು ಆಗ್ರಾ ಕಾಲೇಜಿನ ಕೆ.ಸಿ. ಮೆಹ್ತಾ. ಬಯಲಿನ ಬಿಸಿಲಿಗೆ ಸಾಯುವ ತುಕ್ಕು ಪ್ರತಿ ವರ್ಷ ಮತ್ತೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯ ಬೆನ್ನು ಹತ್ತಿ, ಬೆಟ್ಟಗಳ ತಂಪಿನಲ್ಲಿ ಬೇಸಿಗೆ ಕಳೆದು ಗಾಳಿಯಲ್ಲಿ ಇಳಿದು ಬರುತ್ತದೆ ಎಂದು ಅವರು ಕಂಡುಕೊಂಡರು. ದಕ್ಷಿಣದಲ್ಲಿ ಆ ಬೆಟ್ಟಗಳೆಂದರೆ ನೀಲಗಿರಿ, ಪಳನಿ. ಅಂದರೆ ನಮ್ಮ ಧಾರವಾಡ ಸೀಮೆಯ ಗೋಧಿಗೆ ತುಕ್ಕು ಬರುವ ದಾರಿ, ನಾವು ಊಟಿಗೆ ಟ್ರಿಪ್ ಹೋಗುವ ಕಡೆಯಿಂದಲೇ.

ಮತ್ತೆ ಅದೇ ತುಕ್ಕು

ಕಿಂಡ್ರೆಡ್ ಗಿಡದ ಕಾವಲುಗಾರನ ಕಥೆ ಪೂರ್ತಿಯಾಗಿಲ್ಲ. 1989ರಲ್ಲಿ ಉತ್ತರ ಡಕೋಟದಲ್ಲಿಯೇ ಆರ್‌ಪಿಜಿ-1ನ್ನು ಮಣಿಸುವ ತುಕ್ಕಿನ ಬಗೆಯೊಂದು ಕಾಣಿಸಿತು. ಕೆಲವು ವರ್ಷ ಕಾಡಿ ಅದು ಹಿಂದೆ ಸರಿಯಿತು. ಅಷ್ಟರಲ್ಲಿ, 1998ರಲ್ಲಿ, ಉಗಾಂಡದ ಗೋಧಿ ಹೊಲದಲ್ಲಿ ಇನ್ನೊಂದು ಬಗೆ ಸಿಕ್ಕಿತು. ಮರುವರ್ಷ ಅದಕ್ಕೆ ಯುಜಿ-99 ಎಂದು ಹೆಸರಿಟ್ಟರು. ಅದು ಕೆನ್ಯಾ, ಇಥಿಯೋಪಿಯ, ಯೆಮೆನ್ ದಾಟಿ 2007ರ ಹೊತ್ತಿಗೆ ಇರಾನ್‌ವರೆಗೆ ಬಂದಿತ್ತು. ಗೋಧಿಯ ಹಳೆಯ ಜೀನುಗಳನ್ನಷ್ಟೇ ಅಲ್ಲ, ಬಾರ್ಲಿಯ ಆರ್‌ಪಿಜಿ-1ನ್ನೂ ಇದು ಲೆಕ್ಕಕ್ಕಿಟ್ಟುಕೊಳ್ಳುವುದಿಲ್ಲ. ಸಾವಿರಾರು ಬಾರ್ಲಿಗಳನ್ನು ಇದಕ್ಕೆ ಒಡ್ಡಿ ನೋಡಿದಾಗ ನೂರರಲ್ಲಿ 95ಕ್ಕೂ ಹೆಚ್ಚು ರೋಗಕ್ಕೆ ಬಲಿಯಾದವು.

ಉಳಿದ ಆ ಕೆಲವರಲ್ಲಿ ಒಂದು, ‘ಕ್ಯೂ 21861’ ಎಂಬ ನಂಬರಿನ ಬಾರ್ಲಿ. ಅದರ ಐದನೆಯ ವರ್ಣತಂತುವಿನಲ್ಲಿ ಒತ್ತೊತ್ತಾಗಿ ಕುಳಿತ ಜೀನುಗಳ ಗುಂಪೊಂದು ಯುಜಿ-99ನ್ನು ತಡೆಯುತ್ತದೆ. ಅದನ್ನು ಆರ್‌ಪಿಜಿ-1ರ ಜೊತೆಗೇ ಒಂದೇ ತಳಿಗೆ ಸೇರಿಸುವ ಕೆಲಸ ನಡೆದಿದೆ. ಒಂದು ಬಾಗಿಲಿಗೆ ಇಬ್ಬರು ಕಾವಲುಗಾರರಿದ್ದರೆ ಇಬ್ಬರ ಕಣ್ಣನ್ನೂ ಒಟ್ಟಿಗೆ ತಪ್ಪಿಸುವುದು ಶಿಲೀಂಧ್ರಕ್ಕೆ ಅಷ್ಟು ಸುಲಭವಲ್ಲ.

ಈ ಪರೀಕ್ಷೆಗಳು ಹೆಚ್ಚಾಗಿ ನಡೆದದ್ದು ಕೆನ್ಯಾದ ಎನ್‌ಜೋರೊ ಎಂಬ ಊರಿನಲ್ಲಿ. ಅಲ್ಲಿ ತುಕ್ಕು ರೋಗ ಊರಿನದೇ ಅತಿಥಿ, ಆದ್ದರಿಂದ ಅಲ್ಲಿಯೇ ಪರೀಕ್ಷಾ ಹೊಲ. ಭಾರತವೂ ಸೇರಿ ಹಲವು ದೇಶಗಳ ಗೋಧಿ, ಬಾರ್ಲಿ ಬೀಜಗಳನ್ನು ಅಲ್ಲಿಗೆ ಕಳಿಸಿ, ಸಾಲು ಸಾಲಾಗಿ ಬಿತ್ತಿ, ನಡುನಡುವೆ ರೋಗ ಬೇಗ ಹಿಡಿಯುವ ಸಾಲುಗಳನ್ನೂ ಹಾಕಿ, ತುಕ್ಕು ಹರಡಲು ಬಿಡುತ್ತಾರೆ. ಸಾಲುಗಳು ಕೆಂಪಾದ ಮೇಲೆ ಕೈಯಲ್ಲಿ ನೋಟ್‌ಬುಕ್ ಹಿಡಿದವರು ಒಂದು ತುದಿಯಿಂದ ನಡೆಯತೊಡಗುತ್ತಾರೆ, ಇನ್ನೂ ಹಸಿರಾಗಿರುವುದು ಯಾವುದು ಎಂದು ನೋಡುತ್ತ.